ಮೂರು ದಿನದೊಳಗೆ

ಫ್ಯಾನಿನ ಗಾಳಿಗೆ ನೈಟಿ ಹಾರಿ ಎಡಪಕ್ಕೆಗೆ ತಾಗಿತು, ತಾಗಿದ್ದಷ್ಟೇ, ಕಾದ ಸಟ್ಟುಗ ಇಟ್ಟ ಹಾಗಾಯಿತು ಕುಸುಮಳಿಗೆ, ಎರಡು ವರ್ಷದಿಂದ ಹೀಗೆಯೇ, ಬಟ್ಟೆ ತಾಗಿದರೆ ಉರಿ, ತಾಗದಿದ್ದರೆ ಒಳಗಿಂದ ಸೂಜಿ — ಆದರೆ ಇವತ್ತು ಕೈ ಪಕ್ಕೆಗೆ ಹೋಗಲಿಲ್ಲ, ಎದುರಿನ ಸ್ಟೂಲಿನಲ್ಲಿ ಸರಸ ಕೂತಿದ್ದಾಳೆ, ಗಂಡನ ಅಣ್ಣನ ಹೆಂಡತಿ, ಸೆರಗು ಸರಿಸಿ ಸೊಂಟ ತೋರಿಸುತ್ತಿದ್ದಾಳೆ. ನೋಡು ಮಾರಾಯ್ತಿ, ನಿನ್ನೆ ಬೆಳಿಗ್ಗೆ ಎದ್ದದ್ದು, ನಿನಗೆ ಬಂದದ್ದೇ ಅಲ್ವಾ ಇದು? ಅದೇ. ಕೆಂಪಾದ ಚರ್ಮದ ಮೇಲೆ ನೀರುಗುಳ್ಳೆಗಳ ಸಾಲು, ಬೆನ್ನಿನಿಂದ ಹೊಟ್ಟೆಯ ಕಡೆಗೆ, ಸರ್ಪಸುತ್ತು. ನಿನ್ನೆ ಬೆಳಿಗ್ಗೆ ಎಂದರೆ ಇವತ್ತು ಎರಡನೆಯ ದಿನ, ಅಷ್ಟು ಎಣಿಸುವಾಗಲೇ ಮೂಡುಬಿದಿರೆಯ ನರದ ಡಾಕ್ಟರ ಕೈ ಕಣ್ಣೆದುರು ಬಂತು, ಎತ್ತಿ ಹಿಡಿದ ಮೂರು ಬೆರಳು. ಮೂರು ದಿನದೊಳಗೆ ಬರಬೇಕಿತ್ತಮ್ಮ, ಚಿಕ್ಕಂದಿನಲ್ಲಿ ಬಂದ ಚಿಕನ್‌ಪಾಕ್ಸಿನ ವೈರಸ್ಸೇ ನರದ ಬುಡದಲ್ಲಿ ಮಲಗಿತ್ತು, ಈಗ ಎದ್ದದ್ದು, ಆಗಲೇ ಮಾತ್ರೆ ಶುರು ಮಾಡಿದ್ದರೆ ನರ ಇಷ್ಟು ಹಾಳಾಗುತ್ತಿರಲಿಲ್ಲವೋ ಏನೋ, ನೀವು ಬಂದದ್ದು ಎಷ್ಟನೆಯ ದಿನ? ಹತ್ತೊಂಬತ್ತು. ಅಷ್ಟು ದಿನ ಏನು ಮಾಡಿದಿರಿ?

ಕಾವಿಕಲ್ಲು ತೇಯ್ದು ಹಚ್ಚಿದೆವು. ಮೊದಲು ಕಾವಿ ಹಚ್ಚುವ, ಏಳು ದಿನ ಆಗಲಿ, ಇಂಗ್ಲಿಷ್ ಮದ್ದು ತಿಂದರೆ ಸರ್ಪ ಒಳಗೆ ಹೋಗ್ತದೆ — ಎಂದವಳು ಈ ಸರಸಳೇ, ಕುವೈಟಿನಿಂದ ಗಂಡ ಲೋಕನಾಥನೂ, ಅತ್ತಿಗೆ ಹೇಳಿದ ಹಾಗೆ ಮಾಡು, ಅವರಿಗೆ ಗೊತ್ತುಂಟು ಎಂದು ಫೋನ್ ಇಟ್ಟಿದ್ದ. ಹಚ್ಚಿದ್ದನ್ನು ಬಿಡುವ, ತಿಳಿಯದೆ ಮಾಡಿದ್ದು, ಆದರೆ ಹಾಲಿನ ಡಿಪೋದ ಎದುರು ನಿಂತು ಸರಸ ಹೇಳಿದ್ದು? ನಮ್ಮ ಕುಸುಮ ಮುಟ್ಟಾದಾಗ ನಾಗಬನಕ್ಕೆ ಹೋಗಿದ್ದಾಳೆ, ಇಲ್ಲದಿದ್ದರೆ ಸರ್ಪ ಯಾಕೆ ಸುತ್ತುತ್ತದೆ. ಹೋಗಿರಲಿಲ್ಲ. ಆ ವರ್ಷದ ನಾಗರಪಂಚಮಿಗೆ ಕುಟುಂಬ ಇಡೀ ಬನದ ಎದುರು, ಅವಳೊಬ್ಬಳು ರಸ್ತೆಯ ಬದಿಯಲ್ಲಿ, ಕೈಯಲ್ಲಿದ್ದ ಚೆಂಬಿನ ಹಾಲು ತೆಗೆದುಕೊಳ್ಳಲು ಯಾರೂ ಬರಲಿಲ್ಲ, ಹಾಲಿಗೆ ಇರುವೆ ಬಿತ್ತು, ರವಿಕೆಯೊಳಗೆ ಪಕ್ಕೆ ಬೇಯುತ್ತಿತ್ತು, ಸರಸ ಒಮ್ಮೆ ತಿರುಗಿ ನೋಡಿದಳು, ನೋಡಿ ಪಕ್ಕದವಳ ಕಿವಿಯಲ್ಲಿ ಏನೋ ಹೇಳಿದಳು.

ಡಾಕ್ಟರಲ್ಲಿ ಹೋಗುವುದಾ, ನೀನೇ ಹೇಳು, ನೀನು ಪಟ್ಟವಳು, ಹೋಗುವ ಅಂದರೆ ಈಗಲೇ ಹೊರಡುವ. ಸರಸಳ ದನಿ ನಡುಗುತ್ತಿದೆ, ನಗುತ್ತಲೂ ಇದ್ದಾಳೆ — ನಾನು ಯಾವ ಬನಕ್ಕೂ ಹೋಗಿಲ್ಲ ಮಾರಾಯ್ತಿ, ನನಗೆ ಮುಟ್ಟು ನಿಂತೇ ಆರು ವರ್ಷ. ಕುಸುಮಳೂ ನಕ್ಕಳು, ನಗುವಿಗೆ ಪಕ್ಕೆ ಚುರುಗುಟ್ಟಿತು. ಗುರುವಾಯನಕೆರೆ ಜಂಕ್ಷನ್ನಿನಲ್ಲಿ ಮೂಡುಬಿದಿರೆ ಬಸ್ಸು ಹಾರ್ನ್ ಹಾಕುತ್ತಿದೆ, ಆಟೋ ಹಿಡಿದರೆ ಸಿಗುತ್ತದೆ, ಡಾಕ್ಟರ ಚೀಟಿ ಫ್ರಿಜ್ಜಿನ ಮೇಲೆಯೇ ಉಂಟು, ಏಳಿ ಅಕ್ಕ ಎಂದರೆ ಸಾಕು, ಎರಡೇ ಶಬ್ದ, ನಾಲಿಗೆಯ ತುದಿಗೂ ಬಂತು, ಅಷ್ಟರಲ್ಲಿ ಸರಸ ಕೇಳಿದಳು, ನಿನ್ನದು ಗುಣ ಆಯ್ತಲ್ಲ? ಗುಣ ಆಯ್ತಲ್ಲ. ಎರಡು ವರ್ಷ ಒಂದೇ ಅಂಗಳದ ಆಚೆ ಇದ್ದವಳು, ಕುಸುಮ ಬಟ್ಟೆ ಕಚ್ಚಿಕೊಂಡು ಅತ್ತದ್ದು ಕೇಳಿದವಳು, ಹೊಸ ರವಿಕೆ ಯಾಕೆ ಹೊಲಿಸುವುದಿಲ್ಲ, ಅಷ್ಟು ಪಿಟ್ಟಾಸಿಯಾ, ದುಡ್ಡು ಬಿಚ್ಚಲಿಕ್ಕೆ ಆಗುವುದಿಲ್ಲವಾ ಎಂದು ತಮಾಷೆ ಮಾಡಿದವಳು.

ಆಯ್ತಲ್ಲಕ್ಕ, ಎಂದಳು ಕುಸುಮ. ಮೊದಲು ಕಾವಿ ಹಚ್ಚುವ. ಏಳು ದಿನ ಆಗಲಿ. ತನ್ನ ಬಾಯಿಂದ ಬಂದದ್ದು ಸರಸಳದ್ದೇ ಮಾತು, ಸರಸಳಿಗೆ ಗುರುತು ಸಿಕ್ಕಲಿಲ್ಲ, ನೀನು ಹೇಳಿದ ಮೇಲೆ ಸರಿ ಎಂದು ಬೆನ್ನು ತಿರುಗಿಸಿ ಕೂತಳು. ಅಕ್ಕಿ ತೊಳೆದ ನೀರು, ಕಲ್ಲಿನ ಮೇಲೆ ಕಾವಿ, ತೇಯ್ದ ಹಾಗೆ ಕೆಂಪು ಗಟ್ಟಿಯಾಯಿತು, ಬಸ್ಸು ಹೊರಟ ಸದ್ದು, ದೂರವಾಯಿತು. ಬೆರಳು ಅದ್ದಿ ಬೆನ್ನಿನಿಂದ ಎಳೆದಳು. ಆಹಾ, ತಂಪಾಯ್ತು ಮಗಾ, ಎಂದಳು ಸರಸ. ಮಗಾ ಎಂದಳು, ಯಾವತ್ತೂ ಅನ್ನದವಳು — ನಾಳೆ ಒಂದು ದಿನ ಇನ್ನೂ ಉಂಟು, ನಾಳೆ ಬೆಳಿಗ್ಗೆ ಬಸ್ಸುಂಟು, ಹೇಳಬಹುದು, ಹೇಳುತ್ತೇನಾ, ಹಾಲಿಗೆ ಬಿದ್ದ ಇರುವೆ, ಹೇಳುವುದಿಲ್ಲ, ನಾಳೆ — ಕೈ ತೆಗೆದು ನೋಡಿದಳು, ಸರಸಳ ಸೊಂಟದ ಮೇಲೆ ಮೂರು ಬೆರಳಿನ ಗುರುತು, ಕೆಂಪಗೆ, ಹಸಿಹಸಿ, ಮೂರು ಬೆರಳು.