ಆರನೆಯ ಗೆರೆ

ತಮ್ಮನ ಗ್ಯಾರೇಜಿನಲ್ಲಿ ಒಂದು ಕಟ್ಟಳೆ ಇತ್ತು. ಬೋಲ್ಟನ್ನು ಯಾರು ಬಿಗಿ ಮಾಡುತ್ತಾರೋ ಅವರೇ ಅದರ ತಲೆಯಿಂದ ಕೆಳಗಿನ ಪಟ್ಟಿಯವರೆಗೆ ಒಂದು ಹಳದಿ ಗೆರೆ ಎಳೆಯಬೇಕು. ಗೆರೆ ಇದ್ದರೆ ಬಿಗಿಯಾಗಿದೆ, ಇಲ್ಲದಿದ್ದರೆ ಆಗಿಲ್ಲ. ಗೆರೆ ತುಂಡಾಗಿ ಕಂಡರೆ ಬೋಲ್ಟು ತಿರುಗಿದೆ ಎಂದರ್ಥ. ಕೆಲಸದ ನಡುವೆ ಫೋನು ಬರಲಿ, ಗಿರಾಕಿ ಬರಲಿ, ಎದ್ದು ಹೋಗಿ ಬಂದವನು ತನ್ನ ನೆನಪನ್ನು ಕೇಳುತ್ತಿರಲಿಲ್ಲ, ಗೆರೆಯನ್ನು ನೋಡುತ್ತಿದ್ದ. "ನನ್ನ ತಲೆ ಸುಳ್ಳು ಹೇಳಬಹುದು, ಗೆರೆ ಹೇಳಲ್ಲ" ಎನ್ನುವುದು ಅವನ ಮಾತು. ಬೀದಿಯವರೆಲ್ಲ ಅವನನ್ನು ಗೆರೆ ಮೇಸ್ತ್ರಿ ಎಂದೇ ಕರೆಯುತ್ತಿದ್ದರು.

ಅವನ ಅಕ್ಕ ಪಕ್ಕದ ಕೋಣೆಯಲ್ಲಿ ಕೂತು ಚರ್ಮದ ಚೀಲ ಹೊಲಿಯುತ್ತಿದ್ದಳು. ಅವಳಿಗೆ ಚೀಲದಕ್ಕ ಎಂದು ಹೆಸರು. ಕೈ ಅಚ್ಚುಕಟ್ಟು, ಬಾಯಿ ಜೋರು. ಮೂಗು ಮಾತ್ರ ಎಂದೂ ಸ್ವಂತ ಕೋಣೆಯಲ್ಲಿ ನಿಂತದ್ದಿಲ್ಲ. ತಮ್ಮನ ಕೆಲಸದಲ್ಲಿ ಅದನ್ನು ತೂರಿಸದಿದ್ದರೆ ಅವಳಿಗೆ ತಿಂದದ್ದು ಅರಗದು. ಅವನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ತಾನು ಎಂಬ ಹಕ್ಕು ಬೇರೆ.

ಆ ವಾರ ಅವಳು ಒಬ್ಬ ನರ್ಸಿನ ಬೈಕಿಗೆ ಒಂದು ಜೊತೆ ಚೀಲ ಹೊಲಿದಿದ್ದಳು. ಎಮ್ಮೆಯ ಹಾಗೆ ಉದ್ದಕ್ಕೆ, ತಗ್ಗಾಗಿ ನಿಲ್ಲುವ ಭಾರಿ ಬೈಕು. ನರ್ಸು ಅದರ ಹಿಂದೆ ಒಂಬತ್ತು ವರ್ಷದ ಮಗಳನ್ನು ಕೂರಿಸಿಕೊಂಡು, ಬೆಟ್ಟ ಇಳಿದು, ತವರಿಗೆ ಹೋಗಿಬರುವವಳು. ಹನ್ನೊಂದು ದಿನ ಕೂತು ಹೊಲಿದ ಚೀಲ. ದಾರಕ್ಕೆ ಮೇಣ ಉಜ್ಜಿ, ಮೂಲೆಮೂಲೆಗೆ ಎರಡು ಸುತ್ತು ಹೊಲಿಗೆ ಹಾಕಿದ್ದಳು.

ಚೀಲ ನಿಲ್ಲುವುದು ಚರ್ಮದ ಬಲದ ಮೇಲಲ್ಲ, ಕಬ್ಬಿಣದ ಪಟ್ಟಿಯ ಮೇಲೆ. ಒಂದೊಂದು ಕಡೆಗೆ ಒಂದೊಂದು ಪಟ್ಟಿ, ಪಟ್ಟಿಗೆ ಮೂರು ಬೋಲ್ಟು. ಮೇಲಿನ ಎರಡು ಭಾರ ಹೊರುತ್ತವೆ. ಕೆಳಗಿನ ಒಂದು ಚೀಲ ಒಳಕ್ಕೆ ವಾಲಿ ಚಕ್ರಕ್ಕೆ ತಾಗದಂತೆ ತಡೆಯುತ್ತದೆ. ತಮ್ಮ ಬೆಳಿಗ್ಗೆ ಐದು ಬೋಲ್ಟು ಬಿಗಿ ಮಾಡಿ, ಐದು ಗೆರೆ ಎಳೆದ. ಎಡಗಡೆಯ ಕೆಳಗಿನದನ್ನು ವಾಷರು ಹಾಕದೆ ಸುಮ್ಮನೆ ಬೆರಳಲ್ಲಿ ತಿರುಗಿಸಿ ನಿಲ್ಲಿಸಿದ್ದ. ಅಷ್ಟರಲ್ಲಿ ಹೊರಗೆ ಯಾರೋ ಕರೆದರೆಂದು ಎದ್ದುಹೋದ.

ಅಕ್ಕ ಚೀಲದ ಬಕಲು ಒರೆಸಲು ಬಂದವಳು ಗೆರೆಯಿಲ್ಲದ ಬೋಲ್ಟನ್ನು ನೋಡಿದಳು. 'ಮರೆಗುಳಿ, ಬಣ್ಣ ಹಚ್ಚೋದೇ ಮರೆತಿದ್ದಾನೆ' ಅಂದುಕೊಂಡಳು. ಬಿಗಿ ಮಾಡುವುದನ್ನೇ ಬಿಟ್ಟಿರಬಹುದು ಎಂದು ಅವಳ ತಲೆಗೆ ಹೊಳೆಯಲೇ ಇಲ್ಲ. ಗಿರಾಕಿ ಬರುವ ಹೊತ್ತು, ಐದಕ್ಕೆ ಬಳಿದು ಒಂದನ್ನು ಬಿಟ್ಟರೆ ಚೆನ್ನಾಗಿ ಕಾಣುತ್ತದೆಯೇ? ಕುಂಚ ಅಲ್ಲೇ ಇತ್ತು. ಎಳೆದೇಬಿಟ್ಟಳು. ತಮ್ಮನ ಗೆರೆಗಿಂತ ನೆಟ್ಟಗೆ ಬಂತೆಂದು ಹಿಗ್ಗಿದಳು ಕೂಡ.

ತಮ್ಮ ಒಳಗೆ ಬರುವಾಗ ನರ್ಸು ಜೊತೆಯಲ್ಲೇ ಬಂದಳು. ಅವನು ಬಗ್ಗಿ ಆರೂ ಗೆರೆ ಎಣಿಸಿ, ಸರಿ ಎಂದು ಕೀಲಿಕೈ ಕೊಟ್ಟ. "ದಾರೀಲಿ ಅನುಮಾನ ಬಂದ್ರೆ ಈ ಹಳದಿ ಗೆರೆ ನೋಡಿ ಸಿಸ್ಟರ್. ಗೆರೆ ಕೂಡಿದ್ರೆ ಚಿಂತೆ ಬೇಡ." ತಾಯಿ ಮಗಳು ತವರಿಗೆ ಹೊರಟರು. ಹುಡುಗಿ ತಿರುವಿನವರೆಗೂ ಕೈ ಬೀಸಿದಳು.

ಕಾಲು ಗಂಟೆ ಕಳೆದಿರಬಹುದು. ಕಸ ಗುಡಿಸುತ್ತಿದ್ದ ಅಕ್ಕನ ಕಣ್ಣಿಗೆ ಸ್ಟೂಲಿನ ಮೇಲಿದ್ದ ಡಬ್ಬಿಯ ಮುಚ್ಚಳ ಬಿತ್ತು. ತಮ್ಮ ಯಾವಾಗಲೂ ಎಣಿಸಿ ವಾಷರು ಇಡುವವನು. ಆರು ಬೋಲ್ಟಿಗೆ ಆರು. ಮುಚ್ಚಳದಲ್ಲಿ ಒಂದು ವಾಷರು ಉಳಿದಿತ್ತು.

ಪೊರಕೆ ಹಿಡಿದ ಕೈ ಹಾಗೇ ನಿಂತಿತು.

"ಒಂದು ವಾಷರು ಉಳಿದಿದೆ ಕಣೋ," ಎಂದಳು, ಆದಷ್ಟು ಸಾಧಾರಣ ದನಿಯಲ್ಲಿ.

"ಏಳು ಇಟ್ಟಿದ್ನೇನೋ ಬಿಡು," ಎಂದ ಅವನು, ಇನ್ನೊಂದು ಗಾಡಿಯ ಚೈನು ಬಿಚ್ಚುತ್ತಾ. "ಆರೂ ಗೆರೆ ಎಣಿಸಿಯೇ ಕೊಟ್ಟಿದ್ದೀನಿ."

ಅಲ್ಲಿಗೆ ಮಾತು ಮುಗಿಯಿತು. ಅವಳು ಬಾಯಿ ಬಿಡದಿದ್ದರೆ ಎಂದೆಂದಿಗೂ ಮುಗಿದಂತೆಯೇ. ಹೇಳಬೇಕು, ಆದರೆ ನಾಲಿಗೆ ಏಳಲಿಲ್ಲ. ಅವನ ಗ್ಯಾರೇಜಿಗೆ ಇರುವುದು ಒಂದೇ ಕಟ್ಟಳೆ, ಅದನ್ನೇ ತಾನು ಮುರಿದಿದ್ದೇನೆ. ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುತ್ತಾರಲ್ಲ, ಅವಳ ಪಾಲಿಗೆ ಆ ಗಾದೆ ಬಣ್ಣದ ಡಬ್ಬಿಯ ಸಮೇತ ಎದುರಿಗೇ ಕೂತಿತ್ತು. ನರ್ಸಿಗೆ ಫೋನು ಮಾಡಿದಳು. ರಿಂಗಾಯಿತು, ಯಾರೂ ಎತ್ತಲಿಲ್ಲ. ಮತ್ತೆ ಮಾಡಿದಳು. ಬೈಕು ಓಡಿಸುತ್ತಿರುವವಳು ಹೇಗೆ ಎತ್ತಿಯಾಳು? ಇಷ್ಟರಲ್ಲಿ ಐದು ನಿಮಿಷ ಹೋಯಿತು. ಆ ಐದು ನಿಮಿಷವನ್ನು ನೆನೆದರೆ ಅವಳಿಗೆ ಇಂದಿಗೂ ತನ್ನ ಮೇಲೇ ಅಸಹ್ಯ.

ಕೊನೆಗೆ, ಕೈ ಬೀಸುತ್ತಿದ್ದ ಆ ಹುಡುಗಿಯೇ ಕಣ್ಣೆದುರಿಗೆ ಬಂದಳು.

"ಎಡಗಡೆ ಕೆಳಗಿಂದು ನಾನು ಬಳಿದದ್ದು ಕಣೋ," ಎಂದಳು. "ನೀನು ಬಣ್ಣ ಮರೆತಿದ್ದೀಯ ಅಂದ್ಕೊಂಡೆ."

ತಮ್ಮ ತಲೆ ಎತ್ತಿದ. "ಅದನ್ನ ನಾನು ಬಿಗಿ ಮಾಡಿಲ್ಲ, ಅಕ್ಕ." ಬಯ್ಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. "ಬೆಟ್ಟದ ಇಳಿಜಾರು. ಅದು ಕಳಚ್ಕೊಂಡ್ರೆ ಚೀಲ ಚಕ್ರಕ್ಕೆ ಸಿಕ್ಕೊಳ್ಳುತ್ತೆ. ಚಕ್ರ ಕಚ್ಕೊಂಡು ನಿಂತ್ರೆ..." ಮಿಕ್ಕದ್ದನ್ನು ಹೇಳದೆ ಪಾನಾ ಪೆಟ್ಟಿಗೆ ಎತ್ತಿಕೊಂಡು ವ್ಯಾನಿನತ್ತ ಓಡಿದ.

ಊರು ದಾಟುವವರೆಗೆ ಸಿಕ್ಕ ಸಿಗ್ನಲ್ಲುಗಳೆಲ್ಲ ಕೆಂಪು. ಅಕ್ಕ ಫೋನು ಕಿವಿಗಿಟ್ಟುಕೊಂಡೇ ಕೂತಿದ್ದಳು. ರಿಂಗಾಗಿ ರಿಂಗಾಗಿ ನಿಲ್ಲುತ್ತಿತ್ತು, ಮತ್ತೆ ಒತ್ತುತ್ತಿದ್ದಳು. ಬೆಟ್ಟದ ರಸ್ತೆಗೆ ಬಿದ್ದ ಮೇಲೆ ಒಂದು ಕಡೆ ಬಂಡೆ, ಇನ್ನೊಂದು ಕಡೆ ಏನೂ ಇಲ್ಲ. ಕಲ್ಲಿನ ಲಾರಿಗಳು ಏದುಸಿರು ಬಿಡುತ್ತಾ ಎದುರು ಬರುತ್ತಿದ್ದವು. ಪ್ರತಿ ತಿರುವಿನಲ್ಲೂ ಅವಳು ಕಣ್ಣು ಮುಚ್ಚಿಕೊಳ್ಳುತ್ತಿದ್ದಳು, ಮುಚ್ಚಿದರೆ ಇನ್ನೂ ಕೆಟ್ಟದ್ದೇ ಕಾಣುತ್ತಿತ್ತು, ಮತ್ತೆ ತೆರೆಯುತ್ತಿದ್ದಳು. ತಡೆಗೋಡೆಯ ಮೇಲೆ ಉಜ್ಜಿದ ಗುರುತಿದೆಯೇ, ದಾರಿಯಲ್ಲಿ ಗಾಜಿನ ಚೂರಿದೆಯೇ, ಚಿಕ್ಕ ಚಪ್ಪಲಿ ಬಿದ್ದಿದೆಯೇ ಎಂದು ಹುಡುಕುತ್ತಿದ್ದಳು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಇಲ್ಲಿ ಕುಂಬಾರನೂ ತಾನೇ, ದೊಣ್ಣೆಯೂ ತಾನೇ.

ಒಂದು ತಿರುವಿನಾಚೆ ಜನ ಗುಂಪುಗೂಡಿದ್ದರು. ಎರಡು ಲಾರಿ ಅಡ್ಡ ನಿಂತಿದ್ದವು, ಯಾರೋ ನೆಲದ ಮೇಲೆ ಮಲಗಿದ್ದರು. "ನಿಲ್ಸೋ, ನಿಲ್ಸೋ" ಎಂದು ಅಕ್ಕ ಕಿರುಚಿದಳು. ವ್ಯಾನು ನಿಲ್ಲುವ ಮೊದಲೇ ಬಾಗಿಲು ತೆಗೆದು ಇಳಿದು, ಜನರನ್ನು ತಳ್ಳಿಕೊಂಡು ಒಳಗೆ ನುಗ್ಗಿದಳು. ಮಲಗಿದ್ದವನು ಲಾರಿ ಡ್ರೈವರು. ಪಂಕ್ಚರಾದ ಟೈರಿನ ಪಕ್ಕ ಲಾರಿಯ ಅಡಿಗೆ ಜಾಕು ಕೊಡುತ್ತಿದ್ದ.

"ಏನಮ್ಮಾ, ಟೈರು ಬಿಚ್ಚೋದನ್ನ ಕಂಡಿಲ್ವಾ?" ಎಂದ ಅವನು.

ಅವಳಿಗೆ ಅಳು ಬಂತು, ಜೊತೆಗೆ ಅವನ ಕೆನ್ನೆಗೊಂದು ಬಾರಿಸಬೇಕು ಅನ್ನಿಸಿತು. "ತಾಯಿ ಮಗಳು, ದೊಡ್ಡ ಬೈಕು, ನೋಡಿದ್ರಾ?" ಎಂದು ಕೇಳಿದಳು. ಹೋದರು, ಆಗಲೇ ಹೋದರು ಎಂದ.

ಬೆಟ್ಟದ ಬುಡದಲ್ಲಿ ಒಂದು ಪೆಟ್ರೋಲ್ ಬಂಕು. ಅಲ್ಲಿ, ಪಂಪಿನ ಪಕ್ಕ, ಬೈಕು ನಿಂತಿತ್ತು. ನರ್ಸು ಹೆಲ್ಮೆಟ್ಟು ತೆಗೆದು ಮುಖ ಒರೆಸಿಕೊಳ್ಳುತ್ತಿದ್ದಳು. ಹುಡುಗಿ ಕಟ್ಟೆಯ ಮೇಲೆ ಕೂತು ಕಾಲಾಡಿಸುತ್ತಿದ್ದಳು. ಎರಡು ಕಾಲು, ಎರಡು ಕೈ, ಎಲ್ಲ ಇದ್ದವು. ಅಕ್ಕ ಅವನ್ನು ಎಣಿಸಿಯೇ ನೋಡಿದಳು.

ತಮ್ಮ ಯಾರನ್ನೂ ಮಾತಾಡಿಸದೆ ಎಡಗಡೆ ಮಂಡಿಯೂರಿದ. ಗೆರೆ ತುಂಡಾಗಿತ್ತು. ಬೋಲ್ಟಿನ ಮೇಲಿನ ಅರ್ಧ ಆಕಾಶ ನೋಡುತ್ತಿತ್ತು, ಪಟ್ಟಿಯ ಮೇಲಿನ ಅರ್ಧ ನೆಲ ನೋಡುತ್ತಿತ್ತು. ಎರಡು ಬೆರಳಲ್ಲಿ ಹಿಡಿದು ತಿರುಗಿಸಿದ. ಒಂದೂವರೆ ಸುತ್ತು. ಬೋಲ್ಟು ಅಂಗೈಗೆ ಬಂತು. ಅಕ್ಕ ಚೀಲದ ಚಕ್ರದ ಕಡೆಯ ಮೈಗೆ ಕೈ ಹಾಕಿದಳು. ಅಂಗೈಯಗಲ ಚರ್ಮ ಟೈರಿಗೆ ಉಜ್ಜಿ ಸವೆದು ತೆಳುವಾಗಿತ್ತು, ಮುಟ್ಟಿದರೆ ಇನ್ನೂ ಬಿಸಿ.

"ಏನಾಯ್ತು?" ಎಂದಳು ನರ್ಸು.

"ತಪ್ಪಾಯ್ತು ಸಿಸ್ಟರ್," ಎಂದ ತಮ್ಮ, ಎದ್ದು ನಿಂತು. "ಇದನ್ನ ಬಿಗಿ ಮಾಡೋದು ಮರೆತೆ."

ಸುಮ್ಮನಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಇದು ಎರಡನೆಯ ಸಲ. ಅಕ್ಕ ಈ ಸಲ ಐದು ನಿಮಿಷ ತೆಗೆದುಕೊಳ್ಳಲಿಲ್ಲ. "ಅವನಲ್ಲ. ಬಿಗಿಯಾಗದ ಬೋಲ್ಟಿಗೆ ಗೆರೆ ಎಳೆದದ್ದು ನಾನು. ಗೆರೆ ನೋಡಿ ಅವನು ನಂಬಿದ."

ನರ್ಸು ಬೋಲ್ಟನ್ನು ನೋಡಿದಳು, ಅಕ್ಕನನ್ನು ನೋಡಿದಳು. ಎಷ್ಟೋ ಜನರ ಒಡೆದ ತಲೆ, ಮುರಿದ ಕಾಲು ಕಂಡವಳು. ಬೈಕಿನ ಸೀಟು ಹಿಡಿದುಕೊಂಡೇ ಕೆಳಗೆ ಕುಸಿದು ಕೂತಳು.

"ಇವಳು ಹೇಳಿದ್ಲು," ಎಂದಳು ಮಗಳನ್ನು ತೋರಿಸಿ. "ಬೆಟ್ಟದ ಮೇಲೇ ಹೇಳಿದ್ಲು, ಏನೋ ಕಟಕಟ ಅಂತಿದೆ ಅಮ್ಮಾ ಅಂತ. ನಿಲ್ಲಿಸಿ ನೋಡ್ದೆ. ಗೆರೆ ಕೂಡೇ ಇತ್ತು. ಮತ್ತೆ ಹೇಳಿದ್ಲು. ಗೆರೆ ಇದೆಯಲ್ಲಾ, ಬಾಯ್ಮುಚ್ಕೊಂಡು ಕೂತ್ಕೋ ಅಂತ ಗದರಿಬಿಟ್ಟೆ. ಆಮೇಲೆ ಇವಳು ಸುಮ್ಮನಾದ್ಲು."

ಅಕ್ಕನಿಗೆ ಕ್ಷಮೆ ಕೇಳುವುದೂ ನಾಚಿಕೆಗೇಡು ಅನ್ನಿಸಿತು. ಆದರೂ ಕೇಳಿದಳು.

"ಎರಡೂ ಬಿಚ್ಚಿ," ಎಂದಳು ನರ್ಸು. "ಚೀಲ, ಪಟ್ಟಿ, ಎಲ್ಲ ಬಿಚ್ಚಿ."

ತಮ್ಮ ಬಿಚ್ಚಿದ. ಅಕ್ಕ ಹನ್ನೊಂದು ದಿನದ ಕೆಲಸವನ್ನು ಎರಡು ತೋಳಲ್ಲಿ ತಬ್ಬಿ ಒಯ್ದು ವ್ಯಾನಿನಲ್ಲಿಟ್ಟಳು. ಸಾಮಾನು ವ್ಯಾನಿನಲ್ಲೇ ಇರಲಿ, ಮನೆಯವರೆಗೂ ನಿಮ್ಮ ಹಿಂದೆಯೇ ಬರುತ್ತೇವೆ ಎಂದ ತಮ್ಮ. ಬೇಡ ಎನ್ನಲು ನರ್ಸು ಬಾಯಿ ತೆರೆದು, ಮಗಳ ಕಡೆ ನೋಡಿ, ತಲೆಯಾಡಿಸಿದಳು. ಬೈಕಿನಲ್ಲಿ ಉಳಿದಿದ್ದ ಒಂದೊಂದು ನಟ್ಟನ್ನೂ ತಾನೇ ಮುಟ್ಟಿ ನೋಡಿದಳು, ತಮ್ಮನ ಪಾನಾ ಇಸಿದುಕೊಂಡು ಮತ್ತೊಮ್ಮೆ ನೋಡಿದಳು.

ಹೊರಡುವಾಗ ಹುಡುಗಿಯ ಹೆಲ್ಮೆಟ್ಟಿನ ಪಟ್ಟಿ ಹಾಕಲು ಅಕ್ಕ ಬಗ್ಗಿದಳು. ನರ್ಸು ಬಂದು ಅವಳ ಕೈ ಸರಿಸಿ ತಾನೇ ಹಾಕಿದಳು.

"ಅಮ್ಮಾ," ಎಂದಳು ಹುಡುಗಿ, ಹೆಲ್ಮೆಟ್ಟಿನೊಳಗಿಂದ. "ಇನ್ನು ಶಬ್ದ ಬಂದ್ರೆ ಹೇಳ್ಲಾ, ಬೇಡ್ವಾ?"

ನರ್ಸಿನ ಕೈ ಮಗಳ ಗಲ್ಲದ ಹತ್ತಿರವೇ ನಿಂತುಬಿಟ್ಟಿತು. ಪೆಟ್ರೋಲ್ ಹಾಕುವವನು ಕೂಡ ತಿರುಗಿ ನೋಡಿದ.

"ಹೇಳು."

"ನೀನು ಗದರಿದ್ರೆ?"

"ಗದರಿದ್ರೂ ಹೇಳು," ಎಂದಳು ನರ್ಸು. "ನಾನು ನಿಲ್ಸೋವರೆಗೂ ಹೇಳು."