ಕೊನೆಯ ಸುತ್ತಿನ ಆರು ತೋಟಾ

ಟಾರ್ಚು ಹತ್ತಲಿಲ್ಲ. ಲೀಟಾ ಅದನ್ನು ಅಂಗೈಗೆ ಕುಟ್ಟಿ ನೋಡಿದಳು, ಹಿಂಬದಿಯ ತಿರುಪು ಬಿಚ್ಚಿದಳು. ಒಳಗೆ ಬ್ಯಾಟರಿಯೇ ಇಲ್ಲ. ನಿನ್ನೆ ಬೆಳಿಗ್ಗೆ ತಾನೇ ತೆಗೆದು ರೇಡಿಯೊಗೆ ಹಾಕಿದ್ದು ನೆನಪಾಯಿತು. ಅಣ್ಣ ಆರ್ಲೊನ ತೋಟಾಗಳನ್ನು ತುಂಬಿದ್ದು ನಿನ್ನೆ ಮಧ್ಯಾಹ್ನ.

ಹಿತ್ತಾಳೆ ಕೊಳವೆಗಳಿಗೆ ಮದ್ದು ಹಾಕಿ, ಮೇಲೆ ಸೀಸದ ಗುಂಡು ಕೂರಿಸುವ ಮೊದಲು ಟಾರ್ಚು ಹಿಡಿದು ಒಂದೊಂದರ ಒಳಗೂ ಇಣುಕುವುದು ಅವಳ ಪದ್ಧತಿ. ಚಿಟಿಕೆಯಷ್ಟೇ ಹಾಕುವ ಮದ್ದು ಅದು. ಒಂದೇ ಕೊಳವೆಗೆ ಎರಡು ಸಲ ಬಿದ್ದರೂ ಹೊರಗೆ ತುಳುಕುವುದಿಲ್ಲ, ಬಂದೂಕಿನ ಕುದುರೆ ಎಳೆದಾಗಲೇ ಗೊತ್ತಾಗುವುದು, ಅಷ್ಟು ಹೊತ್ತಿಗೆ ಕೈ ಇರುವುದಿಲ್ಲ. ನಿನ್ನೆ ಮದ್ದು ತುಂಬುವ ನಡುವೆ ಪಕ್ಕದವರ ದನ ತೋಟಕ್ಕೆ ನುಗ್ಗಿತ್ತು. ಓಡಿಸಿ ಬಂದು ಕೊಳವೆಗಳ ಯಾವ ಸಾಲಿನಿಂದ ಮುಂದುವರಿಸಿದಳೋ ದೇವರಿಗೇ ಗೊತ್ತು.

ಆರ್ಲೊ ಆ ತೋಟಾಗಳನ್ನು ಒಯ್ದು ಗುರಿಸ್ಪರ್ಧೆಗೆ ಹೋಗಿದ್ದ ಕಣಿವೆಯಲ್ಲಿ ಫೋನು ಸಿಗುವುದಿಲ್ಲ. ಲೀಟಾ ಪಿಕಪ್ ಹತ್ತಿ ಧೂಳೆಬ್ಬಿಸಿಕೊಂಡು ಹೊರಟಳು.

ಐಡಹೋದ ಆ ಬೆಟ್ಟಸಾಲಿನಲ್ಲಿ ಒಬ್ಬರು ತುಂಬಿದ ತೋಟಾವನ್ನು ಇನ್ನೊಬ್ಬರು ಮುಟ್ಟುವುದಿಲ್ಲ. ಹೆಂಡತಿಯನ್ನು ನೆರೆಯವನ ಜೊತೆ ಕುಣಿಯಲು ಬಿಟ್ಟಾರು, ಅವನ ತೋಟಾ ಮಾತ್ರ ಬೇಡ. ಆರ್ಲೊ ಒಬ್ಬನೇ ಬೇರೆ. ಸ್ಪರ್ಧೆಯಲ್ಲಿ ಗುರಿಯಾಗಿ ದೂರದಲ್ಲಿ ನಿಲ್ಲಿಸುವ ಉಕ್ಕಿನ ಟಗರು ಅವನಿಗೆ ಚೆನ್ನಾಗಿ ಕಾಣುತ್ತದೆ, ಮೂಗಿನಡಿಯ ಮದ್ದು ಕಾಣುವುದಿಲ್ಲ. "ನನ್ನ ತಂಗಿ ತುಂಬಿದ್ದು ಅಂದ್ರೆ ಕಣ್ಣು ಮುಚ್ಕೊಂಡು ಹಾರಿಸ್ತೀನಿ" ಎಂದು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ.

ಅವಳು ಮೈದಾನ ಮುಟ್ಟಿದಾಗ ಕೊನೆಯ ಸುತ್ತು. ಆರ್ಲೊನ ರಿವಾಲ್ವರು ಬಲು ಬಿಗಿಯದು, ಗುಂಡು ಕೂದಲೆಳೆಯಷ್ಟು ದಪ್ಪವಾದರೂ ಒಳಗೆ ಬಿಟ್ಟುಕೊಳ್ಳದು. ಬೆಳಗಿನಿಂದ ಸುಟ್ಟ ಮಸಿ ಬೇರೆ ಕೂತಿತ್ತು. ಐದು ತೋಟಾ ಒಳಗೆ ಹೋಗಿ ಆರನೆಯದು ಅರ್ಧಕ್ಕೇ ನಿಂತಿತ್ತು. ಅವನು ಹೆಬ್ಬೆರಳಿನಿಂದ ಒತ್ತುತ್ತಿದ್ದ.

"ಏನಪ್ಪಾ, ತಂಗಿ ಕೈಗುಣ ಕೈ ಕೊಡ್ತಾ?" ಪಕ್ಕದ ಜಾಗದಿಂದ ಡ್ವೇನ್ ಕಿಚಾಯಿಸಿದ. ಉರುಳಿಸಿದ ಲೆಕ್ಕದಲ್ಲಿ ಆರ್ಲೊಗಿಂತ ಎರಡೇ ಟಗರು ಹಿಂದಿದ್ದವನು ಅವನೇ.

ತೋಟಾ ಟಕ್ ಎಂದು ಕೂತಿತು. ಆರ್ಲೊ ಗುರಿಯಿಡಲು ಕೈ ಎತ್ತಿದ.

"ನಿಲ್ಸಿ!" ಲೀಟಾ ಕಿರುಚಿದಳು. "ಎಲ್ರೂ ನಿಲ್ಸಿ!"

ಆ ಕೂಗು ಯಾರು ಹಾಕಿದರೂ ನಿಲ್ಲಿಸಲೇಬೇಕು. ಬಂದೂಕುಗಳು ಕೆಳಗಿಳಿದವು. ಅವಳು ಏದುಸಿರು ಬಿಡುತ್ತ ವಿಷಯ ಹೇಳಿದಳು. ಆರ್ಲೊನ ಮುಖ ಕೆಂಪಾಯಿತು.

"ನಲವತ್ತು ಹಾರಿಸಿದ್ದೀನಿ, ಏನೂ ಆಗಿಲ್ಲ. ಗೆಲ್ಲೋ ಹೊತ್ತಲ್ಲಿ ಎಲ್ರ ಮುಂದೆ ನನ್ನ ಮರ್ಯಾದೆ ತೆಗೀಬೇಡ. ಒಳಗೆ ನೋಡಿದ್ಯೋ ಇಲ್ವೋ?"

"ನೋಡ್ದೆ ಅಂತಾನೇ ನೆನಪು. ಆದ್ರೆ ಟಾರ್ಚಲ್ಲಿ ಬ್ಯಾಟರಿನೇ ಇರ್ಲಿಲ್ಲ ಕಣೋ. ಕತ್ತಲೇನ ನೋಡಿರ್ಬೇಕು."

ಒಂದಿಬ್ಬರು ನಕ್ಕರು. "ತೂಕ ಹಾಕಿ ನೋಡಿದ್ರೆ ಆಯ್ತಪ್ಪ" ಎಂದ ಡ್ವೇನ್.

"ಎರಕದ ಗುಂಡು ಒಂದರ ಹಾಗೆ ಒಂದಿರಲ್ಲ. ಆ ವ್ಯತ್ಯಾಸದಲ್ಲಿ ಮದ್ದಿನ ತೂಕ ಮುಚ್ಚಿ ಹೋಗುತ್ತೆ. ಬಿಚ್ಚಲೇಬೇಕು." ಅಣ್ಣನ ಕೈಯಿಂದ ರಿವಾಲ್ವರು ಕಸಿದುಕೊಳ್ಳುವಷ್ಟು ಕೋಪ ಅವಳಿಗೆ ಬಂದಿತ್ತು. ಕೊನೆಗೆ ಅವನು ಆರನ್ನೂ ಉದುರಿಸಿಕೊಟ್ಟ.

ಗುಂಡು ಕೀಳುವ ಪ್ಲಾಸ್ಟಿಕ್ ಸುತ್ತಿಗೆ ಗಾಡಿಯಲ್ಲೇ ಇತ್ತು. ಅದರ ತಲೆಯೊಳಗೆ ತೋಟಾ ಸಿಕ್ಕಿಸಿ ಮರದ ದಿಮ್ಮಿಗೆ ಬಡಿದರೆ ಗುಂಡು, ಮದ್ದು ಎರಡೂ ಕಳಚಿ ಬೀಳುತ್ತವೆ. ಮೊದಲನೆಯದು ಸರಿಯಿತ್ತು. ಎರಡನೆಯದೂ. ಮೂರನೆಯದಕ್ಕೆ ಯಾರೋ ಆಕಳಿಸಿದರು. ನಾಲ್ಕನೆಯದೂ ಸರಿ. ಎರಡು ಸಲ ಬಿದ್ದ ಮದ್ದು ಯಾವುದರಲ್ಲೂ ಇಲ್ಲದಿದ್ದರೆ ಸಾಕು ಎಂದೂ, ಇಲ್ಲದಿದ್ದರೆ ಅಣ್ಣ ಜನ್ಮದಲ್ಲಿ ಕ್ಷಮಿಸುವುದಿಲ್ಲ ಎಂದೂ ಲೀಟಾಳಿಗೆ ಒಟ್ಟಿಗೇ ಅನ್ನಿಸಿತು.

ಐದನೆಯದರ ಮದ್ದು ತಟ್ಟೆಗೆ ಬಿತ್ತು. ಬೀಳುತ್ತಲೇ ಇತ್ತು. ಉಳಿದವುಗಳ ಪಕ್ಕದಲ್ಲಿ ಅದರ ರಾಶಿ ಎರಡರಷ್ಟು.

ಲೀಟಾ ಗಾಡಿಯ ಹಿಂಬದಿಯಲ್ಲಿ ಕುಸಿದು ಕೂತು ಅತ್ತುಬಿಟ್ಟಳು. "ನಿನ್ನ ಕೈ ತೆಗೆದುಬಿಡ್ತಿದ್ದೆ, ಆರ್ಲೊ."

ಆರ್ಲೊ ತಟ್ಟೆಯನ್ನು ದೂರ ಹಿಡಿದು ಬಹಳ ಹೊತ್ತು ನೋಡಿದ. "ತೆಗೀಲಿಲ್ವಲ್ಲ" ಎಂದು ಅವಳ ಪಕ್ಕ ಕೂತ.

ತೀರ್ಪುಗಾರ ಕೊನೆಯ ಸುತ್ತಿಗೆ ಮತ್ತೆ ಕರೆದ. ಯಾರೂ ಕದಲಲಿಲ್ಲ. ಆಮೇಲೆ ಡ್ವೇನ್ ತನ್ನ ತೋಟಾ ಡಬ್ಬಿ ಹಿಡಿದು, ಟೋಪಿ ತೆಗೆದು ಬಂದ.

"ಲೀಟಾ, ಆ ಸುತ್ತಿಗೆ ಒಂಚೂರು ಕೊಡ್ತೀರಾ? ನಾನು ತುಂಬ್ತಿರೋವಾಗ ನನ್ನ ಹೆಂಡ್ತಿ ಊಟಕ್ಕೆ ಕರೆದಿದ್ಲು."