ಒನ್ನಿ ಒಪ್ಪಿದ ದೋಣಿ

ವಿಲ್ಬರ್ಟ್ ಬೆರಳಿನ ಗೆಣ್ಣಿನಿಂದ ಕಯಾಕಿನ ತಳಕ್ಕೆ ಕುಟ್ಟಿದ, ಕಿವಿ ಹತ್ತಿರ ತಂದ, ಒಂದು ಗೇಣು ಮುಂದಕ್ಕೆ ಸರಿದು ಮತ್ತೆ ಕುಟ್ಟಿದ. ಚರ್ಚಿನ ಹಿಂದಿನ ಜಲ್ಲಿ ಅಂಗಳದಲ್ಲಿ ನಿಂತಿದ್ದ ಹಳೆಯ ಕಾರಿನ ಮೇಲೆ ಆ ದೋಣಿಯನ್ನು ಬೋರಲು ಹಾಕಿ ಹಗ್ಗದಿಂದ ಬಿಗಿಯಲಾಗಿತ್ತು. ಇಡೀ ದೋಣಿ ಕೆಂಪು, ತಳದಲ್ಲಿ ಮಾತ್ರ ಅಂಗೈಗಿಂತ ಸ್ವಲ್ಪ ದೊಡ್ಡದಾದ ಬಿಳಿ ತೇಪೆ.

"ಇಲ್ಲಿ ಟಣ್ ಅನ್ನತ್ತೆ," ಅಂದ ವಿಲ್ಬರ್ಟ್. "ಇಲ್ಲಿ ನೋಡು, ಡಬ್ ಅನ್ನತ್ತೆ. ಒಳಗೆ ಏನೋ ಇದೆ."

"ತೇಪೆ ಇರೋ ಕಡೆ ದಪ್ಪ ಇರತ್ತಪ್ಪಾ. ಡಬ್ ಅನ್ನದೆ ಇನ್ನೇನು ಹಾಡು ಹೇಳತ್ತಾ?" ಅಂದ ಕಾರಿನ ಯಜಮಾನ ಲೈಲ್. ಸರೋವರದ ಕೊಲ್ಲಿಯ ಆಚೆ ದಡದವನು, ಶೆಡ್ಡಿನಲ್ಲಿ ಒಡೆದ ದೋಣಿಗಳನ್ನು ರಿಪೇರಿ ಮಾಡಿ ಮಾರುವವನು. ಟೈ ಕಟ್ಟಿ ಅಭ್ಯಾಸವಿಲ್ಲದೆ ಕುತ್ತಿಗೆಯನ್ನು ಅತ್ತಿತ್ತ ಹೊರಳಿಸುತ್ತಿದ್ದ.

ಒನ್ನಿ ಪೆಲ್ಟೊನನ್ನು ಮಣ್ಣು ಮಾಡಿ ಇನ್ನೂ ಗಂಟೆಯಾಗಿರಲಿಲ್ಲ. ಜನವೆಲ್ಲ ಚರ್ಚಿನ ನೆಲಮಾಳಿಗೆಗೆ ಊಟಕ್ಕೆ ಇಳಿದಿದ್ದರು. ಅಲ್ಲಿಂದ ಕಾಫಿಯ ವಾಸನೆ, ಏಲಕ್ಕಿ ಬ್ರೆಡ್ಡಿನ ವಾಸನೆ ಮೆಟ್ಟಿಲು ಹತ್ತಿ ಬರುತ್ತಿತ್ತು. ಒನ್ನಿಯ ಹೆಂಡತಿ ಎಲ್ಮಾ ಕಪ್ಪು ಕೋಟಿನ ಜೇಬಿನಲ್ಲಿ ಕೈ ಇಟ್ಟುಕೊಂಡು ದೋಣಿಯನ್ನು ಬಿಟ್ಟು ಲೈಲನ ಮುಖವನ್ನೇ ನೋಡುತ್ತಿದ್ದಳು. ಬೆಳಗಿನಿಂದ ಅವಳು ಅತ್ತಿರಲಿಲ್ಲ. ಅಳುವುದಕ್ಕೆ ಮುಂಚೆ ತಿಳಿಯಬೇಕಾದ್ದು ಒಂದಿತ್ತು.

"ಒನ್ನಿ ಇದನ್ನ ತಗೋತೀನಿ ಅಂದಿದ್ನಾ?"

"ಅಂದಿದ್ದ, ಮಿಸೆಸ್ ಪೆಲ್ಟೊ. ಕೈ ಕೊಟ್ಟು ಒಪ್ಪಿದ್ದ. ಇವತ್ತು ಬಂದು ತಗೊಂಡು ಹೋಗೋನಿದ್ದ. ನಿಮಗೆ ಬೇಡದಿದ್ರೆ ಇನ್ನೊಬ್ಬ ಗಿರಾಕಿ ಕಾಯ್ತಿದ್ದಾನೆ, ಹಂಗೇ ಆ ಕಡೆ ಹೋಗ್ತೀನಿ. ಆದ್ರೂ ಒನ್ನಿ ಮಾತು ಕೊಟ್ಟಿದ್ದ ಅಂತ ಮೊದಲು ನಿಮ್ಮನ್ನ ಕೇಳೋಣ ಅಂದ್ಕೊಂಡೆ."

"ಸತ್ತೋನ ಮಾತು ಎಷ್ಟು ಅನುಕೂಲ ನೋಡು!" ಅಂದ ಎಲ್ಮಾಳ ತಮ್ಮ ವಿಲ್ಬರ್ಟ್. "ಎದ್ದು ಬಂದು ಇಲ್ಲ ಅನ್ನಲ್ಲ. ಏ ಎಲ್ಮಾ, ಇವನ ಬಲೆಗೆ ಬೀಳಬೇಡ. ನನ್ನ ಭಾವ ತೇಪೆ ಹಾಕಿದ ಸಾಕ್ಸ್ ಕೂಡ ಕೊಂಡವನಲ್ಲ."

ಲೈಲ್ ಅವನ ಕಡೆ ತಿರುಗಲಿಲ್ಲ. ವಿಧವೆಗೆ ಹಿತವಾಗಲಿ ಎಂದು ದನಿ ತಗ್ಗಿಸಿದ. "ಒಂದೇ ಸಲ ನೋಡಿದ್ದು, ಅಮ್ಮಾ. 'ನಿನ್ನ ಮಾತು ಸಾಕು ಲೈಲ್' ಅಂದ. ತೇಪೆ ಕಡೆ ಕಣ್ಣು ಕೂಡ ಹಾಯಿಸಲಿಲ್ಲ. ಅಂಥ ದೊಡ್ಡ ಮನಸ್ಸು."

ಎಲ್ಮಾ ಮೊದಲ ಸಲ ತೇಪೆಯ ಕಡೆ ತಿರುಗಿ ನೋಡಿದಳು.

*

ಒನ್ನಿ ಕೌಂಟಿಯ ಹಿಮ ತಳ್ಳುವ ಲಾರಿ ಓಡಿಸಿ ನಿವೃತ್ತನಾದವನು. ಊರಿಗೆಲ್ಲ ಅವನ ಅನುಮಾನದ ಸ್ವಭಾವ ಗೊತ್ತಿತ್ತು. ಚರ್ಚಿನ ತಿಂಡಿ ಮಾರಾಟದಲ್ಲಿ ಹಣ್ಣಿನ ಕಡುಬಿನ ಮೇಲ್ಪದರ ಎತ್ತಿ ಒಳಗೆ ಹಣ್ಣು ಇದೆಯೋ ಬರೀ ಪಾಕವೋ ನೋಡುತ್ತಿದ್ದ. ಹೆಪ್ಪುಗಟ್ಟಿದ ಕೊಲ್ಲಿಯ ಮೇಲೆ ಬೇರೆಯವರ ಟ್ರಕ್ಕುಗಳೇ ನಿಂತಿದ್ದರೂ ತಾನು ಕೈಯಾರೆ ತೂತು ಕೊರೆದು ದಪ್ಪ ನೋಡದೆ ಕಾಲಿಡುತ್ತಿರಲಿಲ್ಲ. ಹಳೆಯ ಟ್ರಕ್ಕೊಂದನ್ನು ಕೊಳ್ಳಲು ಹೋದಾಗ, ಸೀಟು ಒಂದೇ ಕಡೆ ಯಾಕೆ ಸವೆದಿದೆ ಎಂದು ಕೇಳಿ ಕೇಳಿ ಮಾರುವವನಿಗೆ ಅಳು ಬರುವಂತೆ ಮಾಡಿದ್ದ.

"ಮದುವೆಗೆ ಮುಂಚೆ ಎರಡು ಚಳಿಗಾಲ ನಮ್ಮ ಮನೆಗೆ ಬಂದು ಬಂದು ನನ್ನನ್ನೂ ಹಂಗೇ ನೋಡಿದ," ಎಂದು ಎಲ್ಮಾ ಅಡುಗೆಮನೆಯಲ್ಲಿ ಹೆಂಗಸರಿಗೆ ಹೇಳುತ್ತಿದ್ದಳು. "ಕುಟ್ಟಿ ನೋಡಲಿಲ್ಲ, ಅಷ್ಟೇ."

ಹೆಂಗಸರು ಪ್ರತಿ ಸಲ ನಗುತ್ತಿದ್ದರು. ಒನ್ನಿಯೂ ಮೂಲೆಯಲ್ಲಿ ಕಾಫಿ ಹಿಡಿದುಕೊಂಡು ಮೀಸೆಯಡಿಯಲ್ಲೇ ನಗುತ್ತಿದ್ದ.

*

ಈ ಫೆಬ್ರವರಿಯಲ್ಲಿ ಡಾಕ್ಟರು ಅವನ ಎದೆ ನೋಡಿ, ಹಿಮ ಎತ್ತುವ ಸಲಿಕೆ ಮುಟ್ಟಬೇಡ, ಸರೋವರದ ಕಡೆ ಒಬ್ಬನೇ ಹೋಗಬೇಡ ಅಂದಿದ್ದರು. ಅವತ್ತು ಸಂಜೆ ಗಂಡ ಹೆಂಡತಿ ಹಬೆಸ್ನಾನದ ಕೋಣೆ ಸೌನಾದ ಬಿಸಿಯಲ್ಲಿ, ಮರದ ಅಟ್ಟಣೆಯ ಮೇಲೆ ಪಕ್ಕಪಕ್ಕ ಕೂತಿದ್ದರು.

"ಅಪ್ಪ ಹಾಸಿಗೆ ಹಿಡಿದು ಎಷ್ಟು ವರ್ಷ ಮಲಗಿದ, ನೋಡಿದ್ದೀಯಲ್ಲ," ಅಂದ ಒನ್ನಿ. "ಅಮ್ಮ ಚಮಚದಲ್ಲಿ ತಿನ್ನಿಸ್ತಿದ್ಲು. ನಾನು ಹಂಗೆ ಮಲಗಲ್ಲ, ಎಲ್ಮಾ."

"ಹಂಗಂದ್ರೆ?"

ಒನ್ನಿ ಕಾದ ಕಲ್ಲುಗಳ ಮೇಲೆ ಒಂದು ಸೌಟು ನೀರು ಎರಚಿದ. ಹಬೆ ಎದ್ದು ಅವನ ಮುಖ ಕಾಣದಾಯಿತು.

*

ಮೊನ್ನೆ ಮಂಗಳವಾರ, ಮೊಳೆ ತರುತ್ತೇನೆಂದು ಹೊರಟ ಒನ್ನಿ ಸರೋವರಕ್ಕೆ ದೋಣಿ ಇಳಿಸುವ ಜಾಗದಲ್ಲಿ, ತನ್ನ ಟ್ರಕ್ಕಿನೊಳಗೆ ಕೂತಲ್ಲೇ ಸತ್ತಿದ್ದ. ಮೊಳೆಯ ಅಂಗಡಿ ಇರುವುದು ಊರಿನ ಈ ತುದಿಯಲ್ಲಿ. ಸರೋವರ ಆ ತುದಿಯಲ್ಲಿ. ಮಂಜುಗಡ್ಡೆ ಆಗ ತಾನೇ ಕರಗಿತ್ತು. ಆ ನೀರಿಗೆ ಬಿದ್ದವನು ದಡ ಸೇರುವುದಿಲ್ಲ.

ಎದೆಬಡಿತ ನಿಂತಿತು ಎಂದರು ಡಾಕ್ಟರು. ಸರಿ. ಆದರೆ ಅವನು ಅಲ್ಲಿಗೆ ಯಾಕೆ ಹೋಗಿದ್ದ? ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಕಾಫಿ ಕಪ್ಪು ಕೈಗಿಡುವಾಗ ಪಕ್ಕದ ಮನೆಯ ಐನಾಳ ಕಣ್ಣು ಕೇಳಿತ್ತು, ಗೋರಿಯ ಹತ್ತಿರ ಕೈ ಹಿಡಿದ ಪಾದ್ರಿಯ ಕಣ್ಣೂ ಕೇಳಿತ್ತು.

ಈಗ ಈ ದೋಣಿ. ಒಬ್ಬರೇ ಕೂರುವಂಥದ್ದು. ಕಡುಬಿನ ಮುಚ್ಚಳ ಎತ್ತಿ ನೋಡುವ ಮನುಷ್ಯ ಅದರ ತೇಪೆಯನ್ನು ನೋಡಲೇ ಇಲ್ಲವಂತೆ. ಮರಳಿ ಬರುವ ಯೋಚನೆ ಇದ್ದವನು ಹಾಗೆ ಕೊಳ್ಳುತ್ತಾನೆಯೇ? ಮುಳುಗಿದರೂ ಚಿಂತೆಯಿಲ್ಲ ಅನ್ನುವವನು ಮಾತ್ರ ತಳ ನೋಡದೆ ದೋಣಿ ಕೊಳ್ಳುತ್ತಾನೆ.

ಐನಾ ಏಪ್ರನ್ನಿನಲ್ಲೇ ಮೆಟ್ಟಿಲು ಹತ್ತಿ ಬಂದಳು. "ಏನ್ರಪ್ಪಾ ಇದು, ಮಣ್ಣು ಮಾಡಿದ ದಿನ ಸಂತೆ ಹಚ್ಚಿದ್ದೀರಿ? ಕಾಫಿ ಆರಿ ಹೋಯ್ತು." ದೋಣಿ ಕಂಡು ಸ್ವಲ್ಪ ತಡೆದು, "ಇದು ಒಬ್ಬರೇ ಕೂರೋದಲ್ವಾ?" ಅಂದಳು.

"ಹೂಂ," ಅಂದಳು ಎಲ್ಮಾ. "ನನಗೆ ಬೇಡ. ತಗೊಂಡು ಹೋಗಿ."

"ಅಬ್ಬ!" ಅಂದ ವಿಲ್ಬರ್ಟ್.

ಲೈಲ್ ಹಗ್ಗ ಬಿಗಿ ಮಾಡಲು ಕಾರಿನ ಆಚೆ ಪಕ್ಕಕ್ಕೆ ಹೋದ. ಅವನು ಎಳೆದಾಗ ದೋಣಿ ಸ್ವಲ್ಪ ಹೊರಳಿತು, ತಳದ ಮೇಲೆ ಬಿಸಿಲು ಓರೆಯಾಗಿ ಬಿತ್ತು. ಬಿಳಿ ತೇಪೆಯ ಸುತ್ತ, ಕೆಂಪಿನ ಮೇಲೆ, ಒರೆಸಿದರೂ ಪೂರ್ತಿ ಹೋಗದ ಹಳದಿ ಗೆರೆಯೊಂದು ಎಲ್ಮಾಗೆ ಕಂಡಿತು. ದುಂಡಗೆ ಎಳೆದ ಗೆರೆ. ಅದರ ಪಕ್ಕ ಇನ್ನೊಂದು. ಹಿಮ ತಳ್ಳುವ ಅಲಗಿನಲ್ಲಿ ಬಿರುಕು ಕಂಡಲ್ಲಿ ಗುರುತು ಹಾಕುವ ಮೇಣದ ಕಡ್ಡಿಯ ಬಣ್ಣ ಅದು. ಬದುಕಿಡೀ ಒನ್ನಿಯ ಅಂಗಿಯ ಜೇಬುಗಳಿಂದ ಆ ಹಳದಿಯನ್ನು ಉಜ್ಜಿ ಉಜ್ಜಿ ತೊಳೆದವಳು ಅವಳು.

"ನಿಲ್ಲಿ. ಇದನ್ನ ಯಾರು ಬರೆದದ್ದು?"

"ಯಾವುದು?"

"ಕಣ್ಣು ನನಗಿಂತ ಚೆನ್ನಾಗಿದೆಯಲ್ಲ ನಿಮಗೆ. ಇದು."

ಲೈಲ್ ಟೈ ಎಳೆದುಕೊಂಡ. "ಮಕ್ಕಳು ಯಾರೋ..."

"ನಿಮ್ಮ ಶೆಡ್ಡಲ್ಲಿ ಮಕ್ಕಳೆಲ್ಲಿವೆ? ಒನ್ನಿ ಎಷ್ಟು ಸಲ ಬಂದಿದ್ದ?"

"ಹೇಳಿದ್ನಲ್ಲ ಅಮ್ಮಾ, ಒಂದೇ..."

"ಸುಳ್ಳು."

ಆ ಮಾತಿಗೆ ಲೈಲ್ ಹಗ್ಗವನ್ನು ಕೆಳಗೆ ಬಿಸಾಕಿದ. "ಆಯ್ತು, ಸುಳ್ಳೇ! ಹೇಳ್ತೀನಿ, ಕೇಳಿ. ನಿಮ್ಮ ಗಂಡ ನನ್ನ ಪ್ರಾಣ ತಿಂದ! ಹಿಮ ಕರಗೋ ಮುಂಚೆಯಿಂದ ದಿನಾ ಬಂದು ನಿಲ್ತಿದ್ದ. ನಾನು ಮೊದಲು ತೇಪೆಗೂ ಕೆಂಪು ಹಚ್ಚಿ ನೀಟಾಗಿ ಮಾಡಿದ್ದೆ, ನನ್ನ ಹೆಂಡತಿಗೇ ಗೊತ್ತಾಗಿರಲಿಲ್ಲ. ಇವನು ಟಾರ್ಚು ಹಿಡ್ಕೊಂಡು ಒಳಗೆ ತಲೆ ತೂರಿಸಿ ಕಂಡುಹಿಡಿದ. 'ಬಣ್ಣ ಯಾಕೆ ಹಚ್ಚಿದೆ, ಏನು ಮುಚ್ಚಿಡ್ತಿದ್ದೀಯ?' ಅಂತ ಪೊಲೀಸಿನೋನ ಥರ ಕೇಳ್ತಾನೆ! ಎಲ್ಲ ಉಜ್ಜಿಸಿ ಬಿಳೀದು ಹಾಕಿಸಿದ. ಬಿಳಿ ಆದ್ರೆ ಸಣ್ಣ ಬಿರುಕು ಬಿಟ್ರೂ ಕಾಣತ್ತಂತೆ."

"ಇದು ಒನ್ನಿ," ಅಂದ ವಿಲ್ಬರ್ಟ್ ಮೆಲ್ಲಗೆ.

"ಅಷ್ಟಕ್ಕೇ ಬಿಟ್ನಾ? ದೋಣೀನ ಎರಡು ಸ್ಟ್ಯಾಂಡಿನ ಮೇಲೆ ಇಡಿಸಿ ಒಳಗೆ ನೀರು ತುಂಬಿಸಿದ. ದೋಣಿ ನೀರಲ್ಲಿ ಇರಬೇಕೋ, ನೀರು ದೋಣೀಲಿ ಇರಬೇಕೋ? ಕೇಳಿದ್ರೆ, ಒಳಗಿಂದ ಸೋರೋದು ಸುಳ್ಳು ಹೇಳಲ್ಲ ಅಂದ. ರಟ್ಟು ಹಾಸ್ಕೊಂಡು ಕೆಳಗೆ ಮಲಗಿಬಿಟ್ಟ. ಒಂದು ಹನಿ ಬಿತ್ತು ಅವನ ಮೂಗಿನ ಮೇಲೆ. ಲಾಟರಿ ಹೊಡೆದೋನ ಥರ ಕೂಗಿದ! ಮತ್ತೆ ಉಜ್ಜು, ಮತ್ತೆ ಹಾಕು." ಲೈಲನಿಗೆ ಏದುಸಿರು ಹತ್ತಿತ್ತು. "ಸಾವಿನ ಮನೆಯವರ ಹತ್ತಿರ ಇದೆಲ್ಲ ಹೇಳಕ್ಕಾಗತ್ತಾ? ಅದಕ್ಕೇ ಎರಡು ಒಳ್ಳೆ ಮಾತು ಹೇಳಿದೆ."

ಎಲ್ಮಾ ಅವನ ಹತ್ತಿರ ಬಂದಳು. ಇವನು ಒಮ್ಮೆ ಸುಳ್ಳು ಹೇಳಿದವನು, ಅವಳು ಇನ್ನೂ ಪೂರ್ತಿ ನಂಬಿರಲಿಲ್ಲ. "ಕೊನೇ ಸಲ ಬಂದಾಗ ಏನಂದ? ಅವನು ಅಂದ ಹಾಗೇ ಹೇಳಿ."

"ತಲೆಹರಟೆ. ಚಳಿಗಾಲ ಇದನ್ನ ಶೆಡ್ಡಲ್ಲಿ ನೇತು ಹಾಕಿದ್ರೆ ಹಿಮಕ್ಕೆ ತೇಪೆ ಬಿರಿಯತ್ತಾ ಅಂದ. ನನಗೇನು ಗೊತ್ತು ಅಂದೆ. 'ಬರೋ ವರ್ಷ ಬಿರಿದ್ರೆ ನೀನೇ ಬಂದು ಸರಿ ಮಾಡಬೇಕು, ಅದರ ಮುಂದಿನ ವರ್ಷನೂ' ಅಂತ ಅದಕ್ಕೆ ಬೇರೆ ಕೈ ಕೊಡಿಸ್ಕೊಂಡ."

"ಮಂಗಳವಾರ?"

"ದೋಣಿ ಇಳಿಸೋ ಕಡೆ ಕಾಂಕ್ರೀಟು ನೋಡ್ಕೊಂಡು ಬರ್ತೀನಿ ಅಂದಿದ್ದ. ಅದು ತಳ ಕೆರೆಯತ್ತೆ ಅಂತ ಅವನಿಗೆ ಅನುಮಾನ. ಪಕ್ಕದಲ್ಲಿ ಎಲ್ಲಾದ್ರೂ ಮರಳಿದೆಯಾ ನೋಡ್ತೀನಿ, ಎಲ್ಮಾಗೆ ಹೇಳಬೇಡ, ಅವಳು ಡಾಕ್ಟರ ಪಾರ್ಟಿ ಅಂದ."

ಎಲ್ಮಾ ನಕ್ಕಳು. ಅಂಗಳದಲ್ಲಿ ಯಾರೂ ನಿರೀಕ್ಷಿಸದ, ದೊಡ್ಡ, ಒರಟು ನಗು. ಐನಾ ಗಾಬರಿಯಾಗಿ ಅವಳ ತೋಳು ಹಿಡಿದಳು.

"ಇಳಿಸಿ," ಅಂದಳು ಎಲ್ಮಾ. "ದೋಣಿ ಇಳಿಸಿ. ನೀರು ತುಂಬಿ ನೋಡಬೇಕು."

"ಅಯ್ಯೋ, ಅವನೇ ನೋಡಿ ಆಯ್ತಲ್ಲ!" ಅಂದ ಲೈಲ್.

"ಅವನು ನೋಡಿದ್ದನ್ನ ನಿಮ್ಮ ಬಾಯಲ್ಲಿ ಕೇಳಿದೆ ಅಷ್ಟೇ. ಸೋರದಿದ್ರೆ ನಾನು ತಗೋತೀನಿ."

"ತಗೊಂಡು? ಯಾರು ಕೂರ್ತಾರೆ ಅದರಲ್ಲಿ?" ಅಂದ ವಿಲ್ಬರ್ಟ್.

"ಬೇಸಿಗೆ ಬರಲಿ, ನೋಡೋಣ. ನೀನು ಬೆಂಚು ತಾ."

ಚರ್ಚಿನ ಎರಡು ಬೆಂಚುಗಳನ್ನು ದೂರದೂರ ಇಟ್ಟು, ದೋಣಿಯ ಎರಡು ತುದಿಗಳನ್ನು ಅವುಗಳ ಮೇಲೆ ಕೂರಿಸಿದರು. ಐನಾ ಗೊಣಗುತ್ತಲೇ ಅಡುಗೆಮನೆಯ ದೊಡ್ಡ ಕಾಫಿ ಪಾತ್ರೆಗಳಲ್ಲಿ ನೀರು ಹೊರಿಸಿ ತಂದಳು. ನೀರು ಹೊತ್ತವರು ಅಲ್ಲೇ ನಿಂತರು. ಅವರನ್ನು ಹುಡುಕಿಕೊಂಡು ಉಳಿದವರೂ ಕಪ್ಪುಗಳನ್ನು ಹಿಡಿದುಕೊಂಡು ಮೇಲೆ ಬಂದರು. ಪಾದ್ರಿಯೂ ಬಂದು, ಏನು ನಡೆಯುತ್ತಿದೆ ಎಂದು ಒಬ್ಬರ ಕಿವಿಯಲ್ಲಿ ಕೇಳಿ, ಬಗ್ಗಿ ನೋಡಿದರು.

ಎಲ್ಮಾ ಕಪ್ಪು ಕೋಟಿನಲ್ಲೇ ಜಲ್ಲಿಯ ಮೇಲೆ ಅಂಗಾತ ಮಲಗಿ, ದೋಣಿಯ ಅಡಿಗೆ ಸರಿದಳು. ತುಂಬುವ ನೀರಿನ ಭಾರಕ್ಕೆ ದೋಣಿ ಅವಳ ಮುಖದ ಮೇಲ್ಗಡೆ ಮೆಲ್ಲಗೆ ಕಿರುಗುಟ್ಟಿತು. ಅವಳು ತೇಪೆಯ ಅಂಚಿನ ಸುತ್ತ ಬೆರಳಾಡಿಸಿದಳು. ಅಂಗೈ ಒತ್ತಿ ಹಿಡಿದು ತೆಗೆದಳು. ಚಳಿಗೆ ಮರಗಟ್ಟಿದ ಕೈಗೆ ತೇವ ತಿಳಿಯುವುದಿಲ್ಲವೆಂದು ಅಂಗೈಯನ್ನು ಕೆನ್ನೆಗೆ ಒತ್ತಿ ನೋಡಿದಳು. ಕೆನ್ನೆ ಆಗಲೇ ಕಣ್ಣೀರಿಗೆ ಒದ್ದೆಯಾಗಿತ್ತು, ಏನೂ ಗೊತ್ತಾಗಲಿಲ್ಲ.

"ವಿಲ್ಬರ್ಟ್," ಎಂದು ಕೆಳಗಿನಿಂದ ಕರೆದಳು. "ಬಾ ಇಲ್ಲಿ. ನೀನು ಮುಟ್ಟಿ ಹೇಳು."

ವಿಲ್ಬರ್ಟ್ ಗೋರಿಗೆ ಹೋಗಲೆಂದು ಇಸ್ತ್ರಿ ಮಾಡಿಸಿದ್ದ ಪ್ಯಾಂಟಿನ ಮಂಡಿಗಳನ್ನು ಜಲ್ಲಿಗೆ ಊರಿದ, ಕೈಯನ್ನು ಕೋಟಿಗೆ ಚೆನ್ನಾಗಿ ಒರೆಸಿಕೊಂಡ, ದೋಣಿಯ ಅಡಿಗೆ ಚಾಚಿದ.